ಕಾಳುಮೆಣಸಿನ ಶತ್ರುವಿಗೆ ಒಂದು ಬಹಿರಂಗ ಪತ್ರ

ಗೆ,
ವಿಯೆಟ್ನಾಂ ದೇಶ.

ಇಂದ,
ಮೂಡಿಗೆರೆ ಸೀಮೆಯ ಒಬ್ಬ ಕಾಫಿ, ಮೆಣಸು ಬೆಳೆಗಾರ.

ವಿಷಯ: ತಾವು ಶತ್ರುವಿಗೆ ತಕ್ಕ ಹಾಗೆ ನಡೆದುಕೊಳ್ಳದಿರುವ ಬಗ್ಗೆ ದೂರು.

ಮಾನ್ಯರೆ,

ತಮ್ಮ ಹೆಸರು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮೆಣಸಿನ ದರ ಕೆಜಿಗೆ ಹತ್ತು ರೂಪಾಯಿ ಇಳಿದರೆ ತಾವೇ ಕಾರಣ. ಮಳೆ ಹೆಚ್ಚಾಗಿ ಬಳ್ಳಿ ಕೊಳೆತರೂ, ಸುತ್ತಿ ಬಳಸಿ ಕೊನೆಗೆ ತಾವೇ ಕಾರಣ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ದರ ಕಟ್ಟಿದಾಗ ತಮ್ಮನ್ನು ಗಡಿಯಾಚೆ ಅಟ್ಟಿಬಿಟ್ಟೆವೆಂದು ಬೀಗಿದೆವು. ಅಷ್ಟರಲ್ಲೇ, ತಮ್ಮ ಮೆಣಸು ಶ್ರೀಲಂಕಾದ ಚೀಟಿ ಅಂಟಿಸಿಕೊಂಡು ಹಿತ್ತಿಲ ಬಾಗಿಲಲ್ಲಿ ಬರುತ್ತಿದೆ ಎಂದು ಬೆಳೆಗಾರರ ಸಭೆಗಳಲ್ಲಿ ಮೇಜು ಕುಟ್ಟುವುದು ಶುರುವಾಯಿತು. ಮೇಜು ಕುಟ್ಟಿದವರಲ್ಲಿ ನಾನೂ ಒಬ್ಬ.

ಹೀಗಿರುವಾಗ ನಮ್ಮ ಮನೆಯವಳು, ಅವಳ ತಂಗಿ ಸೇರಿ ಬೆಂಗಳೂರಿನಿಂದ ತಮ್ಮಲ್ಲಿಗೆ ಹೊರಟ ಒಂದು ಟೂರಿಗೆ ದುಡ್ಡು ಕಟ್ಟಿಬಿಟ್ಟರು. ಅವರು ಹೊರಟದ್ದು ಹಾಲೊಂಗ್ ಕೊಲ್ಲಿ ನೋಡಲು. ನಾನು ಹೊರಟದ್ದು ಶತ್ರುವಿನ ಬಲಾಬಲ ನೋಡಲು. ಆದರೆ ತಾವು ಮೊದಲ ಸಂಜೆಯಿಂದಲೇ ನನ್ನ ಕೆಲಸ ಕೆಡಿಸುತ್ತ ಬಂದಿರಿ.

ಹನೋಯಿಯ ಹಳೇ ಪೇಟೆಯಲ್ಲಿ ಬೆಳ್ಳಿಗೊಂದು ಬೀದಿ, ರೇಷ್ಮೆಗೊಂದು ಬೀದಿ. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ ತಿರುಗಿದವರಿಗೆ ಇದೇನು ಮಹಾ ಎಂದುಕೊಂಡು ರಸ್ತೆಗೆ ಕಾಲಿಟ್ಟೆ. ಹತ್ತು ಕೋಟಿ ಜನರ ದೇಶದಲ್ಲಿ ಏಳು ಕೋಟಿಗೂ ಮಿಕ್ಕಿ ಬೈಕು, ಸ್ಕೂಟರುಗಳಂತೆ. ಆ ಹೊತ್ತಿಗೆ ಅಷ್ಟೂ ನಮ್ಮ ಹೋಟೆಲಿನ ಮುಂದೆಯೇ ಇದ್ದವು. ಒಬ್ಬ ಬೆನ್ನ ಹಿಂದೆ ಫ್ರಿಜ್ಜು ಕಟ್ಟಿಕೊಂಡು ಬರುತ್ತಿದ್ದ. ಗೈಡ್ ಹೇಳಿದ್ದು ಇಷ್ಟೇ: ಓಡಬೇಡಿ, ನಿಲ್ಲಬೇಡಿ, ಹಿಂದೆ ಸರಿಯಬೇಡಿ, ಒಂದೇ ಸಮನೆ ನಡೆಯಿರಿ. ಮನೆದೇವರನ್ನು ನೆನೆದು ನಡೆದೆವು. ಫ್ರಿಜ್ಜಿನವನೂ ಸೇರಿ ಎಲ್ಲರೂ ಅತ್ತ ಇತ್ತ ಸರಿದು ದಾರಿ ಬಿಟ್ಟರು. ಹಾರನ್ ಏನೋ ಬಡಿಯುತ್ತೀರಿ, ಆದರೆ ಅದರಲ್ಲಿ ಸಿಟ್ಟಿಲ್ಲ. ಕನ್ನಡಿಗೆ ಕನ್ನಡಿ ತಾಗಿದರೂ ಗಾಡಿ ಇಳಿದು ಬಂದು 'ನಾನ್ಯಾರು ಗೊತ್ತೇನೋ?' ಎಂದು ಕೇಳುವ ಒಬ್ಬ ಗಂಡಸು ಸಿಗಲಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಂಡವರಿಗೆ ಇಂಥ ರಸ್ತೆ ತೋರಿಸುವುದು ಅವಮಾನವಲ್ಲದೆ ಇನ್ನೇನು?

ದುಡ್ಡಿನ ವಿಷಯದಲ್ಲೂ ಅಷ್ಟೇ. ನಮ್ಮ ಒಂದು ರೂಪಾಯಿಗೆ ಸುಮಾರು 300 ದಾಂಗ್. ದುಡ್ಡು ಬದಲಿಸುವ ಕೌಂಟರಿನಿಂದ ಆಚೆ ಬಂದಾಗ, ಜೊತೆಗೆ ಬಂದಿದ್ದ ನಮ್ಮ ಷಡ್ಡಕರ ನಡಿಗೆಯೇ ಬದಲಾಗಿತ್ತು. ಜೇಬಿನಲ್ಲಿ ಲಕ್ಷಗಳ ನೋಟು, ಪ್ರತಿಯೊಂದರ ಮೇಲೂ ಅದೇ ಗಡ್ಡದ ಹೋ ಚಿ ಮಿನ್. 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ಇದು ಪರದೇಶದವರನ್ನು ಬೋಳಿಸಲೆಂದೇ ಮಾಡಿದ ಸಂಚು ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ಸಾಕ್ಷಿಯೂ ಒದಗಿತು. ಷಡ್ಡಕರು ಎಳನೀರಿಗೆ ಐದು ಲಕ್ಷದ ನೋಟು ಕೊಟ್ಟು ಜಂಬದಿಂದ ಹೊರಟೇಬಿಟ್ಟರು. ಎಳನೀರಿನ ಹೆಂಗಸು ಚಪ್ಪಲಿ ಬಿಟ್ಟು ಓಡಿ ಬಂದು ಅವರ ತೋಳು ಹಿಡಿದಳು. ಎರಡು ನೋಟನ್ನು ಪಕ್ಕಪಕ್ಕ ಇಟ್ಟು ಸೊನ್ನೆಗಳ ಮೇಲೆ ಬೆರಳು ಕುಟ್ಟಿ ತೋರಿಸಿದಳು, ದೊಡ್ಡದನ್ನು ಅವರ ಜೇಬಿಗೆ ತಾನೇ ತುರುಕಿ ನಗುತ್ತ ಹೋದಳು. ವಿದೇಶದಲ್ಲಿ ಮೋಸ ಹೋದ ಕಥೆಯೊಂದನ್ನು ಊರಿಗೆ ಒಯ್ಯುವುದು ಪ್ರವಾಸಿಯ ಹಕ್ಕು. ಅದನ್ನು ಕಸಿದುಕೊಳ್ಳಲು ಆಕೆಗೆ ಅಧಿಕಾರ ಕೊಟ್ಟವರು ಯಾರು?

ಊಟದ ಬಗ್ಗೆ ದೂರಲು ನನಗೆ ಅರ್ಹತೆಯಿಲ್ಲ, ಏಕೆಂದರೆ ತಮ್ಮ ಊಟ ತಿನ್ನಲು ನಮ್ಮ ತಂಡ ಬಿಡಲೇ ಇಲ್ಲ. ಚಟ್ನಿಪುಡಿ, ಅವಲಕ್ಕಿ, ಮೆಂತ್ಯದ ಹಿಟ್ಟಿಗೇ ಬೇರೆ ಸೂಟ್‌ಕೇಸು ಇತ್ತು. ತಮ್ಮಲ್ಲೂ ಅಮಾವಾಸ್ಯೆ, ಹುಣ್ಣಿಮೆಗೆ ಮಾಂಸ ಬಿಡುವವರಿದ್ದಾರೆ ಎಂದು ಗೈಡ್ ಹೇಳಿದಾಗ ಶನಿವಾರ, ಸೋಮವಾರ ಬಿಡುವ ಷಡ್ಡಕರಿಗೆ ಭಾರಿ ಗೌರವ ಬಂತು. ಆಮೇಲೆ ಮೊಟ್ಟೆ ಕಾಫಿ ಬಂತು. 1946ರಲ್ಲಿ ಹಾಲು ಸಿಗದೆ ಹನೋಯಿಯ ಹೋಟೆಲಿನವರೊಬ್ಬರು ಹಳದಿ ಭಾಗ ಕಡೆದು ನೊರೆ ಮಾಡಿ ಹಾಕಿದ್ದಂತೆ. ನಮ್ಮ ಮುಂದೆ ಅದು ಬಂದ ದಿನ ಶನಿವಾರ. ಷಡ್ಡಕರು ಕೇಳದೆ ಕುಡಿದರು, ಕುಡಿದ ಮೇಲೂ ಕೇಳಲಿಲ್ಲ.

ಮಿ ಸೊನ್‌ನಲ್ಲಿ ನಮ್ಮವರು ತಮ್ಮ ಮೇಲೆ ನಿಜಕ್ಕೂ ಸವಾರಿ ಮಾಡಿದರು. ಕಾಡಿನ ನಡುವೆ ಚಂಪಾ ಅರಸರ ಇಟ್ಟಿಗೆ ಗುಡಿಗಳು, ಒಳಗೆ ಭದ್ರೇಶ್ವರನೆಂಬ ಶಿವ, ಕಲ್ಲಿನ ಮೇಲೆ ಸಂಸ್ಕೃತ. 'ನೋಡಿದ್ರಾ, ಇದೆಲ್ಲ ನಮ್ಮದೇ!' ಎಂದು ಇಡೀ ಬಸ್ಸು ಒಕ್ಕೊರಲಿನಿಂದ ಹೇಳಿತು. 1969ರಲ್ಲಿ ಅಮೆರಿಕದ ಬಾಂಬು ಬಿದ್ದು ದೊಡ್ಡ ಗುಡಿಯೇ ಹೋಯಿತೆಂದು ಗೈಡ್ ಹೇಳುವಾಗ ಅರ್ಧ ಜನ ಸೆಲ್ಫಿಯಲ್ಲಿದ್ದರು. 2020ರಲ್ಲಿ ನಮ್ಮ ಪುರಾತತ್ವ ಇಲಾಖೆಯವರು ಜೀರ್ಣೋದ್ಧಾರ ಮಾಡುವಾಗ ಒಂಬತ್ತನೇ ಶತಮಾನದ ಶಿವಲಿಂಗ ಸಿಕ್ಕಿತು ಎಂದಾಗ ಮಾತ್ರ ಚಪ್ಪಾಳೆ ಬಿತ್ತು. ನಮ್ಮ ಶಿವನನ್ನು ತೋರಿಸಲು ನಮ್ಮಿಂದಲೇ ಟಿಕೆಟ್ಟಿನ ದುಡ್ಡು ತೆಗೆದುಕೊಂಡ ತಮ್ಮ ಜಾಣತನಕ್ಕೆ ನಾನೊಬ್ಬನೇ ಮನಸ್ಸಿನಲ್ಲಿ ಕೈಮುಗಿದೆ.

ಇನ್ನು ಕಾಫಿ. ಇಲ್ಲಿ ನನ್ನ ಗಂಟಲು ಸ್ವಲ್ಪ ಬಿಗಿಯುತ್ತದೆ. ಬಾಬಾಬುಡನ್ ಯೆಮೆನಿನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಹಾಕಿದ ಕಥೆ ಕೇಳಿಕೊಂಡೇ ಬೆಳೆದವರು ನಾವು. ತಮಗೆ ಗಿಡ ಸಿಕ್ಕಿದ್ದು 1857ರಲ್ಲಿ, ಫ್ರೆಂಚ್ ಪಾದ್ರಿಗಳ ಕೈಯಿಂದ. ಅಂದರೆ ಹಿರಿಯರು ನಾವು. 1986ರಲ್ಲಿ ಆರ್ಥಿಕ ಸುಧಾರಣೆ ಶುರುವಾದ ಮೇಲೆ ತಾವು ಮಧ್ಯದ ಗುಡ್ಡಗಾಡಿನಲ್ಲಿ ರೊಬಸ್ಟಾ ನೆಟ್ಟಿದ್ದೇ ನೆಟ್ಟಿದ್ದು, ಇವತ್ತು ಬ್ರೆಜಿಲ್ ಬಿಟ್ಟರೆ ತಾವೇ. ಹಿರಿಯರನ್ನು ದಾಟಿ ಹೋಗುವಾಗ ಒಂದು ಮಾತು ಹೇಳಿ ಹೋಗುವ ಪದ್ಧತಿ ತಮ್ಮಲ್ಲಿಲ್ಲವೇ?

ಅದಕ್ಕಿಂತ ಕೆಟ್ಟದ್ದೆಂದರೆ ಬೆಳೆದದ್ದನ್ನು ತಾವೇ ಕುಡಿಯುತ್ತೀರಿ. ಫುಟ್‌ಪಾತಿನ ಮೇಲೆ ಬಚ್ಚಲುಮನೆಯ ಸ್ಟೂಲಿನಷ್ಟೇ ಎತ್ತರದ ಪ್ಲಾಸ್ಟಿಕ್ ಸ್ಟೂಲು. ಲೋಟದ ತಳದಲ್ಲಿ ಎರಡು ಬೆರಳು ಕಂಡೆನ್ಸ್ಡ್ ಮಿಲ್ಕ್, ಬಾಯಿಗೆ ಕೂರಿಸಿದ ಪುಟ್ಟ ತಗಡಿನ ಫಿಲ್ಟರು. ಒಂದು ತೊಟ್ಟು, ಸ್ವಲ್ಪ ತಡೆದು ಇನ್ನೊಂದು ತೊಟ್ಟು. ಟೈ ಕಟ್ಟಿದವನೂ ಸೆಕ್ಯೂರಿಟಿಯವನೂ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಅದನ್ನೇ ನೋಡುತ್ತ ಕೂತಿದ್ದರು, ಯಾರಿಗೂ ಅವಸರವಿಲ್ಲ. ನಮ್ಮಲ್ಲಿ ಒಳ್ಳೆಯ ಬೀಜ ಹಡಗು ಹತ್ತುತ್ತದೆ, ಪೇಟೆಯ ಹೋಟೆಲಿಗೆ ಚಿಕೋರಿ ಬೆರೆತದ್ದು ಬರುತ್ತದೆ, ಕಾಫಿ ಕುಯ್ಯುವ ಹೆಂಗಸರು ಹತ್ತು ಗಂಟೆಗೆ ಟೀ ಕುಡಿಯುತ್ತಾರೆ. ತಾವೂ ಹುರಿಯುವಾಗ ಬೆಣ್ಣೆ, ಸಕ್ಕರೆ ಸೇರಿಸುತ್ತೀರೆಂದು ಗೈಡ್ ಬಾಯಿಬಿಟ್ಟಾಗ ಜೀವ ಸ್ವಲ್ಪ ತಣ್ಣಗಾಯಿತು.

ನಾನು ಬಂದ ಕೆಲಸ ಇದ್ದದ್ದು ಫು ಕ್ವಾಕ್ ದ್ವೀಪದಲ್ಲಿ. ಉಳಿದವರು ಕಡಲ ತೀರಕ್ಕೆ, ನಾನು ಮೆಣಸಿನ ತೋಟಕ್ಕೆ. ಕೆಂಪು ಮಣ್ಣು, ಸಾಲು ಸಾಲು ಕಂಬ, ಪ್ರತಿ ಕಂಬಕ್ಕೂ ಬಳ್ಳಿ, ನೆತ್ತಿ ಮೇಲೆ ಬರೀ ಬಿಸಿಲು. ನಮ್ಮಲ್ಲಿನಂತೆ ಬಳ್ಳಿಗೆ ಆಸರೆಯಾಗುವ ಸಿಲ್ವರ್ ಓಕಿಲ್ಲ, ಹಾಲುವಾಣವಿಲ್ಲ, ಏಣಿ ಹತ್ತುವವನು ಬರಲಿಲ್ಲವೆಂದು ಫೋನು ಮಾಡಿ ಕೂಗಾಡುವ ಸಾಹುಕಾರನಿಲ್ಲ. ಇಳುವರಿ ನಮಗಿಂತ ಹಲವು ಪಟ್ಟು ಹೆಚ್ಚು ಎಂದು ಓದಿದ್ದೆ. ಕಂಡ ಮೇಲೆ ಇನ್ನಷ್ಟು ಉರಿಯಿತು.

ಒಂದು ಬಳ್ಳಿಯ ಎಲೆ ಮಾತ್ರ ಹಳದಿಗೆ ತಿರುಗಿ ಜೋತುಬಿದ್ದಿತ್ತು. ಕೈ ತಡೆಯಲಿಲ್ಲ, ಕುಕ್ಕರಗಾಲಲ್ಲಿ ಕೂತು ಬುಡದ ಮಣ್ಣು ಕೆದಕಿದೆ. ತೋಟದ ಯಜಮಾನಿ ಎಲ್ಲಿಂದಲೋ ಬಂದು ಬೈಯುತ್ತಾಳೆ ಎಂದುಕೊಂಡರೆ ಅವಳೂ ಎದುರಿಗೆ ಕೂತು ಕೆದಕಿದಳು. ಬೇರು ಕಪ್ಪಾಗಿ ಕೊಳೆತಿತ್ತು. ನಮ್ಮದೇ ಸೊರಗು ರೋಗ. ಇಬ್ಬರೂ ಒಂದೇ ಹೊತ್ತಿಗೆ 'ತ್ಚ್' ಅಂದೆವು. ಆಮೇಲೆ ಅವಳು ಫೋನಿಗೆ ಏನೇನೋ ಹೇಳಿದಳು, ಫೋನು ಅದನ್ನು ಕನ್ನಡದಲ್ಲಿ ಒಪ್ಪಿಸಿತು: ದರವಿಲ್ಲ, ಕುಯ್ಯಲು ಆಳಿಲ್ಲ, ಮಗ ಸಿಟಿ ಸೇರಿದ್ದಾನೆ, ಪಕ್ಕದವರು ಮೆಣಸು ಕಿತ್ತು ಡುರಿಯನ್ ಹಾಕಿದರು. ನಮ್ಮ ಬೆಳೆಗಾರರ ಸಂಘದ ನಡಾವಳಿ ಪುಸ್ತಕ ಇವಳ ಕೈಗೆ ಹೇಗೆ ಬಂತು ಎಂದು ಗಾಬರಿಯಾಯಿತು. ದರ ಬೀಳಲು ಯಾರು ಕಾರಣ ಎಂದು ಕೇಳಿದೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ.

'ಬ್ರೆಜಿಲ್,' ಎಂದಿತು ಫೋನು.

ಮಾನ್ಯರೆ, ತಮಗೂ ಒಬ್ಬ ಶತ್ರು ಇದ್ದಾನೆಂಬ ಸಂಗತಿಯನ್ನು ಇಷ್ಟು ವರ್ಷ ನಮ್ಮಿಂದ ಮುಚ್ಚಿಟ್ಟದ್ದು ಸರಿಯಲ್ಲ. ಸಂಘದ ಮುಂದಿನ ಸಭೆಯಲ್ಲಿ ತಮ್ಮ ವಿರುದ್ಧ ಖಂಡನಾ ನಿರ್ಣಯ ಎಂದಿನಂತೆ ಇದ್ದೇ ಇರುತ್ತದೆ. ಅನುಮೋದಿಸುವ ಸರದಿ ನನ್ನದೇ, ಅದನ್ನು ತಪ್ಪಿಸಲು ಬರುವುದಿಲ್ಲ. ಆದ್ದರಿಂದ ತಾವು ಅನ್ಯಥಾ ಭಾವಿಸಬಾರದು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಬೆಳೆಗಾರ

ವಿ.ಸೂ.: ಬ್ರೆಜಿಲಿಗೆ ತಾವು ದೂರು ಬರೆಯುವುದಿದ್ದರೆ ನಮ್ಮ ಸಹಿಯನ್ನೂ ಸೇರಿಸಿಕೊಳ್ಳಿ. ಅವರು ಪೋರ್ಚುಗೀಸ್ ಮಾತಾಡುವ ಜನ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದು ವ್ಯಾಪಾರಕ್ಕೆ ಬಂದವರೂ ಅದೇ ಭಾಷೆಯವರು. ಆಗಿನ ಲೆಕ್ಕದಲ್ಲಿ ನಮಗೆ ಏನಾದರೂ ಬಾಕಿ ಬರಬೇಕಿದ್ದರೆ ಅದನ್ನೂ ಒಂದು ಮಾತು ಕೇಳಿ.