ಸ್ನಿಗ್ಧತಾ ಮೀಮಾಂಸೆ: ಡಬ್ಬದ ಮೇಲಿನ ಸೂತ್ರಕ್ಕೊಂದು ಭಾಷ್ಯ

ಕಾರಿಗೆ ಯಾವ ಎಂಜಿನ್ ಆಯಿಲ್ ಎಂಬ ಪ್ರಶ್ನೆಯನ್ನು ಪ್ರಾಚೀನ ಆಚಾರ್ಯರು ಯಾರೂ ಎತ್ತಿಕೊಂಡಿಲ್ಲ. ಅವರಿಗೆ ಕಾರಿರಲಿಲ್ಲ ಎಂಬ ಸಮಜಾಯಿಷಿ ಸಾಲದು. ಹೀಗಾಗಿ ಈ ದರ್ಶನಕ್ಕೆ ಅಮೆರಿಕದ ಎಸ್‌ಎಇ ಎಂಬ ಎಂಜಿನಿಯರುಗಳ ಸಂಘವೇ ಸೂತ್ರಕಾರ, ಅದರ ಜೆ300 ಮಾನದಂಡವೇ ಸೂತ್ರಗ್ರಂಥ. ‘5ಡಬ್ಲ್ಯೂ-30’ ಎಂಬುದು ಸೂತ್ರ. ಅಕ್ಷರ ಕಡಿಮೆ, ಜಗಳ ಜಾಸ್ತಿ ಎಂಬ ಸೂತ್ರಲಕ್ಷಣ ಇದಕ್ಕೆ ಪೂರ್ತಿ ಒಪ್ಪುತ್ತದೆ. ಪೂರ್ವಾರ್ಧ ಚಳಿಯದು: ಮೈನಸ್ 30 ಡಿಗ್ರಿಯಲ್ಲೂ ಎಂಜಿನ್ ತಿರುಗಲು ಬಿಡುವಷ್ಟು ಆಯಿಲ್ ತೆಳುವಿರಬೇಕು. ಉತ್ತರಾರ್ಧ ಕಾವಿನದು: 100 ಡಿಗ್ರಿಯಲ್ಲಿ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್ ನಡುವೆ ನಿಲ್ಲಬೇಕು. ಇದರ ಭಾಷ್ಯಕಾರರಲ್ಲಿ ಎರಡು ಪಂಥ. ಗ್ಯಾರೇಜುಗಳಲ್ಲಿ ಸ್ಥೂಲವಾದಿಗಳು, ಮೈಲೇಜ್ ಲೆಕ್ಕ ಬರೆದಿಡುವ ಮನೆಗಳಲ್ಲಿ ಸೂಕ್ಷ್ಮವಾದಿಗಳು. ಪ್ರಸ್ತುತ ಪ್ರಬಂಧದ ಸಿದ್ಧಾಂತವಿಷ್ಟೆ: ಈ ವಿಷಯದಲ್ಲಿ ಪ್ರತ್ಯಕ್ಷಕ್ಕಿಂತ ಶಬ್ದಪ್ರಮಾಣವೇ ಬಲವತ್ತರ. ಶಬ್ದವೆಂದರೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಮಲಗಿರುವ ಮ್ಯಾನುಯಲ್.

ಸ್ಥೂಲವಾದಿಯ ಮೊದಲ ಅಸ್ತ್ರ ಪ್ರತ್ಯಕ್ಷ. ಒಂದೆಳೆ ಪಾಕ ನೋಡುವ ಹಾಗೆ ಹೆಬ್ಬೆರಳು ತೋರುಬೆರಳ ನಡುವೆ ಆಯಿಲ್ ತೀಡಿ, ‘ಇದು ನೀರು ಸಾರ್’ ಎಂದು ಆತ ತೀರ್ಪು ಕೊಡುತ್ತಾನೆ. ಆದರೆ ಬೇರಿಂಗಿಗೆ ಆಧಾರವಾಗಬೇಕಾದ ಆಯಿಲ್ ಆ ಬೆರಳು ತಡೆಯಲಾರದ ಕಾವಿನಲ್ಲಿರುತ್ತದೆ. 40 ಡಿಗ್ರಿಯಲ್ಲಿ 60 ಸೆಂಟಿಸ್ಟೋಕ್ಸ್ ಆಸುಪಾಸಿನ ಆಯಿಲ್ 100 ಡಿಗ್ರಿಗೆ ಬರುವಾಗ 11ರ ಹತ್ತಿರ ಇಳಿದಿರುತ್ತದೆ. ಬೆರಳು ಕಂಡದ್ದು ಬೇರೊಂದು ಅವತಾರವನ್ನು. ಆಗ ಆತ ಅನುಮಾನಪ್ರಮಾಣಕ್ಕೆ ಜಿಗಿಯುತ್ತಾನೆ: ನಮ್ಮದು ಸೆಕೆಯ ದೇಶ, ಆದ್ದರಿಂದ ದಪ್ಪ ಆಯಿಲೇ ಸರಿ. ಈ ಹೇತು ದುಷ್ಟ. ಕಲಬುರಗಿಯಲ್ಲಿ 42 ಇರಲಿ, ಮಡಿಕೇರಿಯಲ್ಲಿ 18 ಇರಲಿ, ಥರ್ಮೋಸ್ಟಾಟ್ ಎಂಬ ನಿರ್ಲಿಪ್ತ ಪುರುಷ ಬಿಸಿಯಾದ ಎಂಜಿನ್ನಿನ ನೀರನ್ನು ಸುಮಾರು 90 ಡಿಗ್ರಿಯ ಅಕ್ಕಪಕ್ಕವೇ ಹಿಡಿದಿರುತ್ತಾನೆ. ಊರಿನ ಸೆಕೆಯ ಪಾಲು ಅಲ್ಲಿಗೆ ತಲುಪುವುದು ಅಲ್ಪ. ಭಾರ ಹೇರಿ ಶಿರಾಡಿ ಘಾಟಿ ಹತ್ತಿಸುವವನ ಪಾಲು ಅದಕ್ಕಿಂತ ದೊಡ್ಡದು.

ಹಾಗಾದರೆ ಪೂರ್ವಾರ್ಧ ನಮಗೆ ವ್ಯರ್ಥವಲ್ಲವೆ ಎಂಬ ಆಕ್ಷೇಪಕ್ಕೆ ತೂಕವಿದೆ. ಬೆಂಗಳೂರಿನ ದಾಖಲೆಯ ಚಳಿ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಬೆಂಜ್ ತನ್ನ ಕಾರಿಗೆ ಪೇಟೆಂಟ್ ಕೋರಿದ್ದೇ 1886ರಲ್ಲಿ. ಮೈನಸ್ 30 ನಮ್ಮ ಯಾವ ಕಾರಿಗೂ ಬರುವ ಕಷ್ಟವಲ್ಲ. ಆದರೂ ಬೆಳಗಿನ ಸ್ಟಾರ್ಟಿನಲ್ಲಿ ಆಯಿಲ್ ತನ್ನ ಕೆಲಸದ ಹದಕ್ಕಿಂತ ಹಲವು ಪಟ್ಟು ದಪ್ಪವಿರುತ್ತದೆ, ಮೇಲಿನ ಕ್ಯಾಮ್‌ಶಾಫ್ಟ್‌ವರೆಗೆ ಬೇಗ ಹತ್ತಬೇಕು. ಅಲ್ಲಿ 20ಡಬ್ಲ್ಯೂಗಿಂತ 5ಡಬ್ಲ್ಯೂ ಮೇಲು. 5ಕ್ಕೂ 0ಗೂ ನಮ್ಮ ಹವೆಯಲ್ಲಿ ಇರುವ ಅಂತರ ಪಂಡಿತರ ಚರ್ಚೆಗಷ್ಟೇ ಯೋಗ್ಯ.

ಹರಿತವಾದ ಆಕ್ಷೇಪ ಇನ್ನೊಂದಿದೆ: ಮ್ಯಾನುಯಲ್ ಅಪೌರುಷೇಯವಲ್ಲ. ಅದನ್ನು ಬರೆದದ್ದು ಕಂಪನಿ. ಸರ್ಕಾರದ ಇಂಧನಮಿತವ್ಯಯದ ಕೆಫೆ ನಿಯಮ ಕಂಪನಿಯ ತಲೆಯ ಮೇಲಿದೆ. ತೆಳು ಆಯಿಲ್ ಹಾಕಿದರೆ ಮೈಲೇಜ್ ತುಸು ಏರುತ್ತದೆ, ಎಂಜಿನ್ ಸವೆದರೆ ವಾರಂಟಿ ಮುಗಿದ ಮೇಲೆ ಸವೆಯಲಿ ಎಂಬ ಗುಮಾನಿ. ಕರ್ತೃವಿಗೆ ಸ್ವಾರ್ಥವಿದೆ ಎಂಬುದು ನಿಜ, ಆದರೆ ಬೇರಿಂಗಿನ ಸಂದು, ಆಯಿಲ್ ಪಂಪು ಎರಡನ್ನೂ ಅಳೆದು ಮಾಡಿದವನೂ ಅವನೇ. ಸೂತ್ರಗ್ರಂಥವೂ ಕಣ್ಣುಮುಚ್ಚಿ ಕೂತಿಲ್ಲ: 150 ಡಿಗ್ರಿಯಲ್ಲಿ ಜೋರಾಗಿ ಉಜ್ಜಿದಾಗಲೂ 20ರ ದರ್ಜೆಗೆ 2.6, 30ಕ್ಕೆ 2.9 ಮಿಲಿಪಾಸ್ಕಲ್-ಸೆಕೆಂಡಿಗಿಂತ ಸ್ನಿಗ್ಧತೆ ಇಳಿಯಕೂಡದೆಂದು ಅದರ ವಿಧಿ. ಇನ್ನು ಮ್ಯಾನುಯಲ್ಲೇ ಎರಡು ಮೂರು ಗ್ರೇಡು ಕೊಟ್ಟಿದ್ದರೆ ಮೀಮಾಂಸಕರು ವಿಕಲ್ಪ ಎನ್ನುತ್ತಾರೆ, ಯಾವುದನ್ನು ಹಿಡಿದರೂ ದೋಷವಿಲ್ಲ; ಘಾಟಿಯ ಬಾಡಿಗೆಗೆ ಓಡುವ ಗಾಡಿಯವರು ಅವುಗಳಲ್ಲಿ ಉತ್ತರಾರ್ಧ ದೊಡ್ಡದಿರುವುದನ್ನು ಆರಿಸಿಕೊಳ್ಳಲಿ. ಸವೆದ ಹಳೇ ಎಂಜಿನ್ನಿಗೆ ದಪ್ಪ ಆಯಿಲ್ ಹಾಕಿ ಶಬ್ದ ಅಡಗಿಸುವ ಪದ್ಧತಿ ಮಾತ್ರ ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಅದು ಸೆಕೆಂಡ್‌ಹ್ಯಾಂಡ್ ಕಾರು ಮಾರುವವರ ಅರ್ಥಶಾಸ್ತ್ರ.