ಭಾವನ ಕೀಬೋರ್ಡು

ನಮ್ಮ ಭಾವ ಕೀಬೋರ್ಡ್ ಕೊಳ್ಳುವ ಜಾತಿಯವರಲ್ಲ, ಕಟ್ಟುವ ಜಾತಿಯವರು. ಕೊಳ್ಳುವವರನ್ನು ಕಂಡರೆ ಅವರಿಗೆ, ಅಂಗಡಿಯಿಂದ ಪುಳಿಯೋಗರೆ ಪುಡಿ ತರುವ ಸೊಸೆಯನ್ನು ಕಂಡ ಅಜ್ಜಿಗಾಗುವಷ್ಟೇ ಕನಿಕರ.

ಇಂಥವರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ವಾರವಿಡೀ ಕಂಪನಿ, ಶನಿವಾರ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿ. ಮನೆಗೆ ಯಾರೇ ಬರಲಿ, ಕಾಫಿಗಿಂತ ಮೊದಲು ಪ್ರಶ್ನೆ ಬರುತ್ತದೆ: "60 ಕೀಗೆ ಎಷ್ಟು ತಂತಿ ಬೇಕು, ಹೇಳಿ ನೋಡೋಣ?" ಅರವತ್ತು ಎಂದಿರೋ, ಕೆಟ್ಟಿರಿ. "ಹದಿನೇಳೇ ಸಾಕು!" 5 ಅಡ್ಡಸಾಲು, 12 ಕಂಬಸಾಲು. ಒಳಗಿರುವ ಪುಟ್ಟ ಬೋರ್ಡು ಒಂದೊಂದೇ ಅಡ್ಡಸಾಲನ್ನು ಎಬ್ಬಿಸಿ, ಯಾವ ಕಂಬಸಾಲು ಓಗೊಟ್ಟಿತು ಎಂದು ಸೆಕೆಂಡಿಗೆ ನೂರಾರು ಸಲ ವಿಚಾರಿಸುತ್ತದೆ. ಎರಡೂ ಕೂಡುವ ಕಡೆ ಇರುವುದೇ ನೀವು ಒತ್ತಿದ ಕೀ.

ಅಷ್ಟಕ್ಕೇ ಬಿಡುತ್ತಾರೆಯೇ? "ಕ್ಯೂ, ಎ, ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೆ, ಮುಟ್ಟದೇ ಇದ್ದ ಡಬ್ಲ್ಯೂ ತಾನಾಗಿ ಬರುತ್ತೆ. ಕರೆಂಟು ಹಿಂಬಾಗಿಲಿಂದ ನುಗ್ಗೋದು. ದೆವ್ವ ಅಂತೀವಿ ನಾವು." ಒಳಗಿನಿಂದ ಅವರ ತಾಯಿ, "ಯಾರಿಗೋ ಮೆಟ್ಕೊಂಡಿರೋದು?" ಎಂದು ಗಾಬರಿಯಲ್ಲಿ ಬಂದರು.

ಆ ದೆವ್ವಕ್ಕೆ ತಾಯಿತ ಎಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡು, ಕೀಗೊಂದರಂತೆ 60. ನಾಲ್ಕು ಮಿಲಿಮೀಟರಿನ ಗಾಜಿನ ಚೂರು, ಒಂದು ತುದಿಗೆ ಕಪ್ಪು ಪಟ್ಟಿ. ಅದನ್ನು ಮೂಗಿನ ಹತ್ತಿರ ಹಿಡಿದು, ಇಕ್ಕಳದಿಂದ ಕಾಲು ಬಗ್ಗಿಸಿ, ಸ್ವಿಚ್ಚಿನ ಪಿನ್ನಿಗೆ ಸುತ್ತಿ, ಸೋಲ್ಡರಿಂಗ್ ಐರನ್ ತಾಗಿಸುವಾಗ ಭಾವ ಉಸಿರನ್ನೂ ಬಿಗಿಹಿಡಿಯುತ್ತಾರೆ. ಡೈನಿಂಗ್ ಟೇಬಲ್ಲಿನ ಮೇಲೆ ಫ್ಲಕ್ಸಿನ ಹೊಗೆ. ಊಟ ನೆಲದ ಮೇಲೆ.

"ರೀ, ಕಾಲಿಂಗ್ ಬೆಲ್ ಕೆಟ್ಟು ತಿಂಗಳಾಯ್ತು. ಎರಡೇ ತಂತಿಯಂತೆ."

"ಅದಕ್ಕೆ ಎಲೆಕ್ಟ್ರೀಷಿಯನ್‌ನ ಕರೆಸು."

ಅಕ್ಕ ಈಗ ಜಗಳವಾಡುವುದಿಲ್ಲ. ಬಾಗಿಲಿಗೆ "ಜೋರಾಗಿ ತಟ್ಟಿ" ಎಂದು ಚೀಟಿ ಅಂಟಿಸಿದ್ದಾಳೆ.

ಕೊನೆಗೂ ಕೀಬೋರ್ಡು ಎದ್ದು ನಿಂತಿತು. ಪ್ರಥಮ ಪೂಜೆ ಕನ್ನಡದಲ್ಲೇ ಆಗಬೇಕೆಂದು ಕೆ.ಪಿ. ರಾವ್ ವಿನ್ಯಾಸಕ್ಕೆ ಬದಲಾಯಿಸಿಕೊಂಡು, ಶಿವಮೊಗ್ಗದಲ್ಲಿರುವ ತಮ್ಮ ಅಕ್ಕನಿಗೆ ಪರದೆಯತ್ತ ನೋಡದೆ ಒಂದು ಸಾಲು ಹೊಡೆದು ಕಳಿಸಿಯೇಬಿಟ್ಟರು. ನೋಡದೆ ಹೊಡೆಯುವುದೂ ಈ ಜಾತಿಯ ಕುಲಧರ್ಮ. ಆ ವಿನ್ಯಾಸದಲ್ಲಿ ಒತ್ತಕ್ಷರ ಹುಟ್ಟುವುದೆಲ್ಲ ಎಫ್ ಕೀಯಿಂದ. 60 ಡಯೋಡುಗಳಲ್ಲಿ ತಿರುಗುಮುರುಗಾಗಿ ಕೂತದ್ದು ಒಂದೇ, ಅದೂ ಎಫ್‌ನದ್ದೇ. ಹೋದ ಸಂದೇಶ: "ಅಕಕ, ಹಬಬಕಕೆ ಬರತೀನಿ."

ಮರುಕ್ಷಣವೇ ಉತ್ತರ ಬಂತು: "ಹಲ್ಲು ಯಾವಾಗ ಕೀಳಿಸ್ಕೊಂಡ್ಯೋ?"