ಫೋನಿನೊಳಗಿನ ರೂಪಾಯಿ

‘ನಮ್ಮೂರು ಕೊಪ್ಪ’ ಅಂದರೆ ಸಾಕು, ಕೇಳಿದವರು ಅಡಿಕೆ, ಕಾಫಿ, ಮಳೆ ಅಂತ ಶುರು ಹಚ್ಚಿಕೊಳ್ಳುತ್ತಾರೆ. ಅದು ಚಿಕ್ಕಮಗಳೂರಿನ ಕೊಪ್ಪ. ಇನ್ನು ಕೆಲವರು ‘ಬೈಲುಕುಪ್ಪೆ ಪಕ್ಕದ್ದಾ?’ ಅನ್ನುತ್ತಾರೆ. ಅದೂ ಅಲ್ಲ. ನಮ್ಮದು ಮದ್ದೂರು ತಾಲ್ಲೂಕಿನ ಹೋಬಳಿ ಕೊಪ್ಪ: ಕಬ್ಬು, ಸಕ್ಕರೆ ಕಾರ್ಖಾನೆ, ನೀರಿನ ಜಗಳ. ನಾಣ್ಯಕ್ಕೆ ಮೂರು ಮುಖ ಇದ್ದಿದ್ದರೆ ಯಾವ ಕೊಪ್ಪ ಅಂತ ಚಿಮ್ಮಿಯೇ ಹೇಳಿಬಿಡುತ್ತಿದ್ದೆ.

ಚಿಮ್ಮೋಣ ಅಂದರೂ ನಾಣ್ಯವಾದರೂ ಎಲ್ಲಿದೆ? ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ನಮ್ಮೂರ ಟೀ ಅಂಗಡಿಯವರೆಗೆ ಎಲ್ಲ ಕಡೆ ಸ್ಕ್ಯಾನು. ಜೇಬಲ್ಲಿ ಝಣಝಣ ಅನ್ನುವುದೀಗ ಬೀಗದ ಕೈ ಮಾತ್ರ. ಹಾಗಾಗಿ ಚಿಮ್ಮುವ ಕೆಲಸವೂ ಫೋನಿನ ಪಾಲಾಗಿದೆ. ಬೆರಳಲ್ಲಿ ಒತ್ತಿದರೆ ತೆರೆಯ ಮೇಲೊಂದು ರೂಪಾಯಿ ಗಿರಗಿರ ತಿರುಗಿ ಬೀಳುತ್ತದೆ. ಬಿದ್ದ ಸದ್ದೂ ಬರುತ್ತದೆ.

ನಮ್ಮ ಮನೆಗೆ ಇದನ್ನು ತಂದವನು ತಮ್ಮ. ಇಬ್ಬರಿಗೂ ಸೇರಿ ಒಂದೇ ಬೋರು, ಒಂದೇ ಮೋಟರು. ತ್ರೀ ಫೇಸ್ ಕರೆಂಟು ಬರುವುದು ಅಪರಾತ್ರಿಯಲ್ಲಿ. ಎದ್ದು ಹೋಗಿ ಕಬ್ಬಿಗೆ ನೀರು ತಿರುಗಿಸುವವರು ಯಾರು? ಅಪ್ಪ ಇದ್ದಾಗ ಅವರು ಯಾರ ಕಡೆ ನೋಡಿ ಕೆಮ್ಮುತ್ತಿದ್ದರೋ ಅವನು ಹೋಗುತ್ತಿದ್ದ. ಅಪ್ಪ ಹೋದ ಮೇಲೆ ಮನೆಗೆ ಪ್ರಜಾಪ್ರಭುತ್ವ ಬಂತು, ಅಂದರೆ ಇಬ್ಬರೂ ಮಲಗಿಬಿಟ್ಟೆವು.

“ಅಣ್ಣ, ಸಿಂಹ ಬಿದ್ರೆ ನೀನು, ನಂಬರ್ ಬಿದ್ರೆ ನಾನು ಕನಣ್ಣ. ಫೋನಿಗೆ ದೊಡ್ಡೋನು ಚಿಕ್ಕೋನು ಅಂತ ಇರಾಕಿಲ್ಲ” ಅಂತ ತಮ್ಮ ಒತ್ತಿಯೇಬಿಟ್ಟ. ಸಿಂಹ. “ಮೂರು ಸಲದಾಗೆ ಎಲ್ಡು ಸಲ ಯಾವ್ದು ಬೀಳ್ತದೋ ಅದು ಕಣ್ಲಾ” ಅಂದೆ. ಹಿರಿಯನಾಗಿ ಹುಟ್ಟಿ ಅಷ್ಟೂ ಅಧಿಕಾರ ಇಲ್ಲದಿದ್ದರೆ ಹೇಗೆ? ನಂಬರ್. ಮತ್ತೆ ನಂಬರ್. ಈಗ ತಮ್ಮನಿಗೆ ಐದರಲ್ಲಿ ಮೂರು ಬೇಕಾಯಿತು. ಪಡಸಾಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅವ್ವ ಕತ್ತು ಚಾಚಿ ನೋಡಿ, “ಆ ರೂಪಾಯ್ನ ಈಚೆಗೆ ತಗ್ದು ಕೊಡ್ಲಾ, ಸಾಚಾನೋ ಖೋಟಾನೋ ನೋಡಾನ” ಅಂದಳು. ನಾವು ಏಳರಲ್ಲಿ ನಾಲ್ಕಕ್ಕೆ ಬರುವಷ್ಟರಲ್ಲಿ ತ್ರೀ ಫೇಸ್ ಹೋಗಿ ಸಿಂಗಲ್ ಫೇಸ್ ಆಗಿತ್ತು.

ಅವ್ವನ ಅನುಮಾನವನ್ನು ನಕ್ಕು ತಳ್ಳುವಂತಿಲ್ಲ. ಕೈಯಲ್ಲಿ ಹಿಡಿದ ನಾಣ್ಯವೇ ಪೂರಾ ಸಾಚಾ ಅಲ್ಲ. 2023ರಲ್ಲಿ ಯುರೋಪಿನ ಸಂಶೋಧಕರ ಗುಂಪೊಂದು 3,50,757 ಸಲ ನಾಣ್ಯ ಚಿಮ್ಮಿ ಬರೆದಿಟ್ಟಿತು. ಚಿಮ್ಮುವಾಗ ಯಾವ ಮುಖ ಮೇಲಿರುತ್ತದೋ ಅದೇ ಮುಖ ಬೀಳುವುದು ನೂರಕ್ಕೆ 50.8ರಷ್ಟು. ನಾವೇನಾದರೂ ಅಷ್ಟು ಸಲ ಚಿಮ್ಮಲು ಕೂತರೆ ಕಬ್ಬು ಕಟಾವಿಗೆ ಬಂದಿರುತ್ತದೆ. ಫೋನಿನ ರೂಪಾಯಿಗೆ ಈ ಬೆರಳಿನ ಪಕ್ಷಪಾತ ಇಲ್ಲ. ಅದರ ಹಿಂದಿರುವುದು ಲೆಕ್ಕ. ಲೆಕ್ಕವನ್ನೂ ನಂಬದವರಿಗೆ 1998ರಿಂದ ಡಬ್ಲಿನ್ನಿನ ರ‍್ಯಾಂಡಮ್ ಡಾಟ್ ಆರ್ಗ್ ಇದೆ. ಅದು ವಾತಾವರಣದ ರೇಡಿಯೊ ಗದ್ದಲದಿಂದ ಸಂಖ್ಯೆ ಹೆಕ್ಕಿ ಕೊಡುತ್ತದೆ. ಆ ಗದ್ದಲದಲ್ಲಿ ಸಿಡಿಲಿನ ಪಾಲು ದೊಡ್ಡದು. ಎಲ್ಲೋ ಹೊಡೆದ ಸಿಡಿಲು ನಮಗೆ ಮಳೆ ಕೊಡದಿದ್ದರೂ ನೀರಿನ ಪಾಳಿಯನ್ನಾದರೂ ಹಂಚಿಕೊಡುತ್ತದೆ.

ಇನ್ನು ಒಬ್ಬರಿಗೊಬ್ಬರು ಎದುರಿಗೇ ಇಲ್ಲದವರು ಚಿಮ್ಮುವುದು ಹೇಗೆ? 1981ರಲ್ಲಿ ಮ್ಯಾನುಯೆಲ್ ಬ್ಲಮ್ ಎಂಬ ಗಣಕ ವಿಜ್ಞಾನಿ ಇದನ್ನೇ ಕೈಗೆತ್ತಿಕೊಂಡ. ವಿಚ್ಛೇದನವಾದ ಗಂಡ ಹೆಂಡತಿ ಬೇರೆ ಬೇರೆ ಊರಲ್ಲಿದ್ದಾರೆ. ಕಾರು ಯಾರಿಗೆ ಅಂತ ಟೆಲಿಫೋನಿನಲ್ಲೇ ಚಿಮ್ಮಿ ತೀರ್ಮಾನಿಸಬೇಕು. ಒಬ್ಬರು ತಮ್ಮ ಗುಟ್ಟನ್ನು ಆಮೇಲೆ ಬದಲಾಯಿಸಲಾಗದ ಹಾಗೆ ಮೊದಲೇ ಬೀಗ ಹಾಕಿ ಒಪ್ಪಿಸಿರಬೇಕು, ಇನ್ನೊಬ್ಬರು ಊಹೆ ಹೇಳಿದ ಮೇಲೆ ಬಿಚ್ಚಿ ತೋರಿಸಬೇಕು. ಇದಕ್ಕೆ ಅವನು ದೊಡ್ಡ ದೊಡ್ಡ ಸಂಖ್ಯೆಗಳ ಗಣಿತ ಹೂಡಿದ. ನಮ್ಮ ಕಡೆ ಪಾಲು ಪಾರೀಕತ್ತಿಗೆ ಇಷ್ಟೆಲ್ಲ ಬೇಕಿಲ್ಲ. ಚೀಟಿ ಬರೆದು, ಮಡಿಸಿ, ತಂಬಿಗೆಗೆ ಹಾಕಿ ಕುಲುಕಿ, ಓದು ಬಾರದ ಕೂಸಿನ ಕೈಲಿ ಎತ್ತಿಸಿದರೆ ಆಯಿತು. ಗುಟ್ಟೂ ಭದ್ರ, ಕೂಸಿಗೂ ಒಂದು ಬಿಸ್ಕತ್ತು.

ದೇವರಲ್ಲಿ ಹೂ ಕೇಳುವುದೂ ಇದೇ ಜಾತಿಯದು. ಬಲಗಡೆ ಬಿದ್ದರೆ ಹೂಂ, ಎಡಗಡೆ ಬಿದ್ದರೆ ಊಹೂಂ. ಎಡಕ್ಕೆ ಬಿದ್ದಾಗ ‘ಇನ್ನೊಂದ್ಸಲ ಕೇಳಾನ, ದೇವ್ರಿಗೆ ಸರಿಯಾಗಿ ಕೇಳಿಸ್ಲಿಲ್ಲ’ ಅನ್ನುವವರು ಅಲ್ಲಿಯೂ ಉಂಟು. ಆದರೆ ಪೂಜಾರಪ್ಪ ಗುಡಿ ಬಾಗಿಲು ಹಾಕಿ ಊಟಕ್ಕೆ ಹೋಗಬೇಕು. ಮೊಬೈಲಿಗೆ ಊಟದ ಹೊತ್ತಿಲ್ಲ. ಎಷ್ಟು ಸಲ ಕೇಳಿದರೂ ಬೇಜಾರಿಲ್ಲದೆ ಚಿಮ್ಮುತ್ತದೆ. ಅದರ ದೋಷವೇ ಅದು. ನ್ಯಾಯ ಇರುವುದು ಚಿಮ್ಮುವುದರಲ್ಲಲ್ಲ, ಎರಡನೇ ಸಲ ಚಿಮ್ಮದೇ ಇರುವುದರಲ್ಲಿ.

ಕಾನೂನಿಗೆ ಇದು ಗೊತ್ತು. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 65ನೇ ಕಲಮಿನ ಪ್ರಕಾರ ಓಟು ಸಮಸಮ ಬಂದರೆ ಚೀಟಿ ಎತ್ತಬೇಕು. ಚೀಟಿ ಯಾರಿಗೆ ಬಂತೋ ಅವರಿಗೆ ಇನ್ನೊಂದು ಓಟು ಬಿತ್ತು ಅಂತ ಲೆಕ್ಕ. ಮಳವಳ್ಳಿ ದಾಟಿ ಕೊಳ್ಳೇಗಾಲದ ಆಚೆಗಿರುವ ಸಂತೇಮರಹಳ್ಳಿಯಲ್ಲಿ 2004ರ ಚುನಾವಣೆಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಓಟಿನಿಂದ. ಆ ಓಟು ಬೀಳದಿದ್ದರೆ ಅಲ್ಲೂ ಚೀಟಿಯೇ ಗತಿ. ಮೂರು ಸಲದಾಗೆ ಎಲ್ಡು ಸಲ ಎಂಬ ಮಾತು ಆ ಕಲಮಿನಲ್ಲಿ ಎಲ್ಲೂ ಇಲ್ಲ.

ಸಿನಿಮಾಕ್ಕೂ ಗೊತ್ತು. 1975ರ ‘ಶೋಲೆ’ ಚಿತ್ರೀಕರಣವಾದ ರಾಮನಗರದ ಬಂಡೆಗಳು ನಾವು ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಇವೆ. ಆ ಚಿತ್ರದಲ್ಲಿ ಜೈ ಚಿಮ್ಮುತ್ತಿದ್ದ ನಾಣ್ಯಕ್ಕೆ ಎರಡೂ ಕಡೆ ಒಂದೇ ಮುಖ. ಅವನ ಗೆಳೆಯ ವೀರು ಜೈ ಸಾಯುವವರೆಗೂ ಅದನ್ನು ತಿರುಗಿಸಿ ನೋಡಲೇ ಇಲ್ಲ, ಇನ್ನೊಂದು ಸಲ ಚಿಮ್ಮು ಅಂತಲೂ ಅನ್ನಲಿಲ್ಲ.

ಇಷ್ಟೆಲ್ಲ ಯೋಚಿಸಿ ಮನೆಯಲ್ಲಿ ಕಾಯ್ದೆ ಮಾಡಿದೆವು. ರಾತ್ರಿಗೆ ಒಂದೇ ಸಲ, ಅದೂ ಒತ್ತುವುದು ಅವ್ವ. ಅವ್ವ ಎಲೆ ಅಡಿಕೆಯ ಬೆರಳನ್ನು ಸೆರಗಿಗೆ ಒರೆಸಿಕೊಂಡು ಒತ್ತುತ್ತಾಳೆ, ಬಿದ್ದದ್ದನ್ನು ತಾನೊಬ್ಬಳೇ ನೋಡಿ ಫೋನನ್ನು ಮಡಿಲಲ್ಲಿ ಬೋರಲು ಹಾಕಿ, “ಚಿಕ್ಕೋನೇ, ಓಗು” ಅನ್ನುತ್ತಾಳೆ. ಜಗಳವೇ ನಿಂತುಹೋಗಿದೆ. ಒಂದೇ ಒಂದು ವಿಚಿತ್ರ: ನನಗೆ ಮಂಡಿ ನೋವು ಬಂದ ವಾರವೆಲ್ಲ ನಂಬರೇ ಬೀಳುತ್ತದೆ, ತಮ್ಮನಿಗೆ ಶೀತವಾದ ವಾರವೆಲ್ಲ ಸಿಂಹ. ಯಾವ ಲೆಕ್ಕದಲ್ಲೂ ಹೀಗಾಗುವುದಿಲ್ಲ ಕನವ್ವ ಅಂದೆ. “ನಾನ್ ಒತ್ತುದ್ರೆ ಅಂಗೇ ಬೀಳೋದು” ಅಂದಳು. ಎಲ್ಲಿ, ಫೋನು ಕೊಡು ನೋಡಾನ ಅಂದರೆ ಕೊಡುವುದಿಲ್ಲ.